ಹತ್ತನೇ ಕ್ಲಾಸಿಗೇ ನಿಂತುಹೋಗುವ ಊಟ

ಎಸ್ಸೆಸ್ಸೆಲ್ಸಿವರೆಗೆ ಬಿಸಿಯೂಟ, ಹಾಲು, ಮೊಟ್ಟೆ. ಅದರಾಚೆಗೆ ಬರೀ ಪಠ್ಯಕ್ರಮ. ಭತ್ತದ ಕಣಜ ಎನಿಸಿಕೊಂಡ ಗಂಗಾವತಿ ಸೀಮೆಯಲ್ಲೇ ಚಹಾ ಕುಡಿದು ಡಿಗ್ರಿ ಓದುವವರಿದ್ದಾರೆ. ಕಾಲೇಜು ಸೇರುವ ಈ ಹಂಗಾಮಿನಲ್ಲಿ ಸೀಟು ಸಿಕ್ಕಿತೇ, ಫೀಸು ಎಷ್ಟು ಎಂದೆಲ್ಲ ವಿಚಾರಿಸುವ ನಾವು ಕೇಳದೇ ಬಿಟ್ಟ ಮಾತೊಂದಿದೆ: ‘ಊಟ ಆತೇನು?’

ಬೆಳಿಗ್ಗೆ ಏಳೂಮುಕ್ಕಾಲಾದರೆ ಶ್ರೀರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಾರಟಗಿ ಕಡೆಯಿಂದ ಬರುವ ಬಸ್ಸು ತುಂಬಿಕೊಂಡೇ ಬಂದಿರುತ್ತದೆ. ‘ಒಳಗ ಸರೀರಿ, ಒಳಗ ಸರೀರಿ’ ಎಂದು ಕಂಡಕ್ಟರು ಕೂಗುತ್ತಿರುವಾಗಲೇ ಇನ್ನೊಂದು ಹಿಂಡು ಹತ್ತಿರುತ್ತದೆ. ಹುಡುಗಿಯರು ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಇಸಿದುಕೊಳ್ಳುತ್ತಾರೆ. ಹುಡುಗರು ಪಾಸು ತೋರಿಸುತ್ತಾರೆ. ಕಿಟಕಿಯಾಚೆ ಅಕ್ಕಿ ಗಿರಣಿಗಳು, ಹೊಟ್ಟಿನ ರಾಶಿ, ಗೇಟಿನ ಮುಂದೆ ಸಾಲುಗಟ್ಟಿದ ಲಾರಿಗಳು. ಗಾಳಿಯಲ್ಲಿ ಬೆಂದ ಭತ್ತದ ವಾಸನೆ.

ಏನು ತಿಂದು ಬಂದಿರಿ ಎಂದು ಇವರನ್ನು ಕೇಳಿ ನೋಡಿ. ಕೆಲವರು ಇಡ್ಲಿ ಎನ್ನುತ್ತಾರೆ. ಕೆಲವರು ಚಹಾ ಎನ್ನುತ್ತಾರೆ. ಕೆಲವರು ನಕ್ಕು, ಬಸ್ಸು ಬಂತಾ ಎಂದು ಆ ಕಡೆ ನೋಡುತ್ತಾರೆ.

ಗಂಗಾವತಿಯಲ್ಲಿ ಇಳಿದರೆ ಮಿರ್ಚಿ-ಒಗ್ಗರಣಿ ಅಂಗಡಿಗಳ ಸಾಲೇ ಇದೆ. ಜೇಬಿನಲ್ಲಿ ಇಪ್ಪತ್ತು ರೂಪಾಯಿ ಇದ್ದರೆ ಹೊಟ್ಟೆ ತಣ್ಣಗಾಗುತ್ತದೆ. ಆದರೆ ಅದೇ ಇಪ್ಪತ್ತು ರೂಪಾಯಿಗೆ ನೋಟ್ಸಿನ ಜೆರಾಕ್ಸೂ ಆಗಬೇಕು, ಮೊಬೈಲ್ ಕರೆನ್ಸಿಗೂ ಒಂದಿಷ್ಟು ಉಳಿಯಬೇಕು. ಇಂಥ ಲೆಕ್ಕದಲ್ಲಿ ಮೊದಲು ಸೋಲುವುದು ತಿಂಡಿ. ಮಧ್ಯಾಹ್ನ ಎರಡೋ ಮೂರೋ ಗಂಟೆಗೆ ಕಾಲೇಜು ಬಿಟ್ಟು, ಬಸ್ಸು ಹಿಡಿದು, ಮನೆ ಮುಟ್ಟಿದ ಮೇಲೆ ದಿನದ ಮೊದಲ ಊಟ.

ಇವರು ಬಾಲ್ಯದಲ್ಲಿ ಶಾಲೆಯ ಊಟ ಉಂಡೇ ಬೆಳೆದವರು ಎಂಬುದನ್ನು ಮರೆಯಬಾರದು. ಸರ್ಕಾರಿ ಶಾಲೆಯಲ್ಲಿ ಓದಿದ್ದರೆ ಒಂದನೇ ತರಗತಿಯಿಂದಲೂ ಮಧ್ಯಾಹ್ನ ಸಾಲಾಗಿ ಕೂತು ಅನ್ನ-ಸಾಂಬಾರು ಉಂಡವರು. ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್ 28ರಂದು. ಅದರ ಬೆನ್ನಿಗೆ 2002ರಲ್ಲಿ ‘ಅಕ್ಷರ ದಾಸೋಹ’ ನಮ್ಮಲ್ಲಿ ಮೊದಲು ಕಾಲಿಟ್ಟದ್ದೇ ಈಶಾನ್ಯದ ಏಳು ಜಿಲ್ಲೆಗಳಲ್ಲಿ, ಕೊಪ್ಪಳವೂ ಅವುಗಳಲ್ಲೊಂದು. ಮೊದಲು ಐದನೇ ತರಗತಿವರೆಗೆ, ಆಮೇಲೆ ಏಳು, ಆಮೇಲೆ ಹತ್ತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಮೊಟ್ಟೆ, ಬಾಳೆಹಣ್ಣು, ಶೇಂಗಾ ಚಿಕ್ಕಿ ಬಂದವು.

ಎಸ್ಸೆಸ್ಸೆಲ್ಸಿ ಮುಗಿದಲ್ಲಿಗೆ ಇಷ್ಟೂ ಮುಗಿಯುತ್ತದೆ. ಹದಿನಾರು ತುಂಬಿದ ಮೇಲೆ ಹಸಿವು ಕಡಿಮೆಯಾಗುತ್ತದೆ ಎಂದು ಯಾವ ವೈದ್ಯರೂ ಹೇಳಿಲ್ಲ. ತಾಯಂದಿರಂತೂ ಹೇಳಲಾರರು, ಮನೆಯಲ್ಲಿ ರೊಟ್ಟಿಯ ಎಣಿಕೆ ಏರುವುದೇ ಆ ವಯಸ್ಸಿನಲ್ಲಿ.

ಗಂಗಾವತಿಗೆ ಸಂಬಂಧಿಸಿದ ಒಂದು ವಿಡಿಯೊ 2021ರ ಡಿಸೆಂಬರಿನಲ್ಲಿ ರಾಜ್ಯವನ್ನೆಲ್ಲ ಸುತ್ತಿತ್ತು. ಅಪೌಷ್ಟಿಕತೆ ಹೆಚ್ಚಿರುವ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಸರ್ಕಾರ ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಇಲ್ಲಿನ ಶಾಲಾ ಬಾಲಕಿಯೊಬ್ಬಳು ಅಂಜದೆ ಕ್ಯಾಮೆರಾ ಮುಂದೆ ನಿಂತಳು. ನಮಗೆ ಮೊಟ್ಟೆ ಬೇಕು, ಬೇಡವೆಂದರೆ ನಿಮ್ಮ ಮಠಕ್ಕೇ ಬಂದು ಕೂತು ತಿನ್ನುತ್ತೇವೆ ಎಂಬರ್ಥದಲ್ಲಿ ಮಾತಾಡಿದಳು. ಚರ್ಚೆಯ ದಿಕ್ಕು ಅಲ್ಲಿಗೆ ಬದಲಾಯಿತು. ತಿನ್ನುವವರನ್ನು ಯಾರಾದರೂ ಕೇಳಿದ್ದರೇ ಎಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

ಅಂದು ಎಂಟನೇ ತರಗತಿಯಲ್ಲಿ ಆ ಮೊಟ್ಟೆ ತಿಂದವರು ಈಗ ಪಿಯುಸಿ ದಾಟಿ ಡಿಗ್ರಿಯ ಮೆಟ್ಟಿಲು ಹತ್ತುವ ವಯಸ್ಸಿನವರು. ಅವರನ್ನು ಈಗಲೂ ಯಾರೂ ಕೇಳುತ್ತಿಲ್ಲ.

ಒಂದು ಜಿಲ್ಲೆ, ಎರಡು ನೆಲ

ಕೊಪ್ಪಳ ಜಿಲ್ಲೆಯ ನಕ್ಷೆಯಲ್ಲಿ ನೀರಾವರಿಗೂ ಒಣಭೂಮಿಗೂ ನಡುವೆ ಒಂದು ಗೆರೆ ಎಳೆಯಬಹುದು. ಮುನಿರಾಬಾದಿನ ಬಳಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಜಲಾಶಯದಲ್ಲಿ 1953ರಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆ ಗಂಗಾವತಿ ಸೀಮೆಗೆ ಹರಿಯಿತು. ಭತ್ತದ ಕಸುಬು ಬಲ್ಲ ಆಂಧ್ರದ ಕರಾವಳಿಯ ರೈತರು ಬಂದು ಜಮೀನು ಕೊಂಡು ನೆಲೆಸಿದರು. ಅವರ ಊರುಗಳನ್ನು ಜನ ಇಂದಿಗೂ ಕ್ಯಾಂಪು ಎಂದೇ ಕರೆಯುತ್ತಾರೆ. ಶ್ರೀರಾಮನಗರ ಅಂಥ ವಲಸೆಯಲ್ಲಿ ಬೆಳೆದ ಊರು. ಇಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಗಂಗಾವತಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹೆಸರೇ ಶ್ರೀ ಕೊಲ್ಲಿ ನಾಗೇಶ್ವರರಾವ್ ಗಂಗಯ್ಯ ಕಾಲೇಜು. ಈ ನೆಲದ ಚರಿತ್ರೆ ಆ ಫಲಕದಲ್ಲೇ ಇದೆ.

ಗೆರೆಯ ಆಚೆ ಕುಷ್ಟಗಿ, ಯಲಬುರ್ಗಾ. ಪ್ರಾದೇಶಿಕ ಅಸಮಾನತೆಯನ್ನು ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ಇವೆರಡೂ ಇವೆ. ಸಜ್ಜೆ, ಜೋಳ, ತೊಗರಿ, ಮಳೆ ಬಂದರೆ ಬೆಳೆ. ಬಾರದಿದ್ದರೆ ಗುಳೆ. ಮಂಗಳೂರು, ಉಡುಪಿ, ಗೋವಾ, ಬೆಂಗಳೂರುಗಳ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರಲ್ಲಿ ಇಲ್ಲಿಯವರನ್ನು ಹುಡುಕಬೇಕಿಲ್ಲ, ಸಿಕ್ಕೇ ಸಿಗುತ್ತಾರೆ. ಅಪ್ಪ-ಅವ್ವ ದುಡಿಯಲು ಹೋದ ಮನೆಯಲ್ಲಿ ಅಜ್ಜಿ, ಎರಡು ಮೇಕೆ, ಕಾಲೇಜಿಗೆ ಹೋಗುವ ಮೊಮ್ಮಗಳು ಉಳಿದಿರುತ್ತಾರೆ. ಆ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಒಲೆ ಹಚ್ಚುವವರು ಯಾರು?

ಹಾಗೆಂದು ನೀರಾವರಿಯ ಕಡೆ ಎಲ್ಲರ ಹೊಟ್ಟೆಯೂ ತುಂಬಿದೆ ಎಂದಲ್ಲ. ಕ್ಯಾಂಪಿನ ಗದ್ದೆ ಒಬ್ಬರದು, ಅದರಲ್ಲಿ ನಾಟಿ ಮಾಡುವ ಕೈ ಇನ್ನೊಬ್ಬರದು. ನಾಟಿಯ ಹಂಗಾಮು ಬಂತೆಂದರೆ ತರಗತಿಯಲ್ಲಿ ಬೆಂಚು ಖಾಲಿಯಾಗುವುದನ್ನು ಇಲ್ಲಿನ ಉಪನ್ಯಾಸಕರೆಲ್ಲ ಬಲ್ಲರು. ಹುಡುಗಿಯರು ಅವ್ವನ ಜೊತೆ ಕೆಸರಿಗೆ ಇಳಿದಿರುತ್ತಾರೆ, ಒಣಭೂಮಿಯ ಕಡೆಯಾದರೆ ಬೀಜೋತ್ಪಾದನೆಯ ಹೊಲದಲ್ಲಿ ‘ಕ್ರಾಸಿಂಗ್’ ಕೆಲಸಕ್ಕೆ ಹೋಗಿರುತ್ತಾರೆ. ಹುಡುಗರು ಮದುವೆ ಮುಹೂರ್ತವಿದ್ದ ದಿನ ಕ್ಯಾಟರಿಂಗ್‌ನವರ ಜೊತೆ ಬಡಿಸಲು ಹೊರಟಿರುತ್ತಾರೆ. ಅಲ್ಲಿ ಕೂಲಿಯ ಜೊತೆ ಹೊಟ್ಟೆ ತುಂಬ ಊಟ. ಕಾಲೇಜು ಈ ಎರಡನ್ನೂ ಕೊಡುವುದಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಒಂದೇ ಅಕ್ಷರ ಬೀಳುತ್ತದೆ. ಶೇ 75 ಹಾಜರಿ ಇಲ್ಲವೆಂದು ಪರೀಕ್ಷೆಯ ಹೊತ್ತಿಗೆ ನೋಟಿಸು ಹಚ್ಚಿದಾಗ ಅದರಲ್ಲಿ ಹೆಸರಿದ್ದವರನ್ನು ಓದಿನಲ್ಲಿ ಆಸಕ್ತಿ ಇಲ್ಲದವರು ಎಂದು ಬಗೆಯುವುದು ಸುಲಭ. ಆ ಪಟ್ಟಿಯನ್ನು ಊರವಾರು, ತಿಂಗಳವಾರು ಒಮ್ಮೆ ವಿಂಗಡಿಸಿ ನೋಡಿದರೆ ಹೊಲದ ಪಂಚಾಂಗವೇ ಎದುರು ಬಂದೀತು.

ಕಾಲುವೆಯನ್ನು ನಂಬಿದ ಊರುಗಳಿಗೆ ಇನ್ನೊಂದು ದಿಗಿಲೂ ಇದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ಹರಿದು ಗೇಟೇ ಕೊಚ್ಚಿಹೋದಾಗ ಇಲ್ಲಿ ಎಷ್ಟೋ ಮನೆಗಳಲ್ಲಿ ಜನ ನಿದ್ದೆ ಮಾಡಲಿಲ್ಲ. ಎರಡನೇ ಬೆಳೆಗೆ ನೀರಿಲ್ಲವೆಂದರೆ ಕೂಲಿಯಿಲ್ಲ. ಕೂಲಿಯಿಲ್ಲವೆಂದರೆ ಮೊದಲು ಕತ್ತರಿ ಬೀಳುವುದು ಮಕ್ಕಳ ಕೈಗೆ ಕೊಡುವ ಆ ಇಪ್ಪತ್ತು ರೂಪಾಯಿಗೆ.

ಬುತ್ತಿ ಎಂಬ ಇಲಾಖೆ

ನಮ್ಮ ಕಡೆಯ ಉನ್ನತ ಶಿಕ್ಷಣಕ್ಕೆ ಯಾವ ಸರ್ಕಾರವೂ ಘೋಷಿಸದ ಒಂದು ಇಲಾಖೆ ಇತ್ತು. ಅದರ ಹೆಸರು ಬುತ್ತಿ.

ಧಾರವಾಡವಿರಲಿ, ಬಾಗಲಕೋಟೆಯಿರಲಿ, ಹಳ್ಳಿಯ ಹುಡುಗರು ನಾಲ್ಕೈದು ಮಂದಿ ಸೇರಿ ರೂಮು ಹಿಡಿಯುತ್ತಿದ್ದರು. ಊರಿಂದ ಬೆಳಗಿನ ಬಸ್ಸಿಗೆ ಬುತ್ತಿ ಬರುತ್ತಿತ್ತು. ಬಿಳಿ ಅರಿವೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಡಬ್ಬಿಯಲ್ಲಿ ಪುಂಡಿಪಲ್ಯೆ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ. ಡ್ರೈವರನ ಪಕ್ಕದ ಜಾಗದಲ್ಲಿ ಹತ್ತಾರು ಗಂಟುಗಳು. ಯಾವುದು ಯಾರದು ಎಂದು ಅವ್ವ ಕಟ್ಟಿದ ಗಂಟಿನ ರೀತಿಯಲ್ಲೇ ಗೊತ್ತಾಗುತ್ತಿತ್ತು. ಬಸ್ಸು ಬರುವ ಹೊತ್ತಿಗೆ ಸರಿಯಾಗಿ ನಿಲ್ದಾಣದಲ್ಲಿ ಹುಡುಗರ ಹಾಜರಿ; ಯಾವ ತರಗತಿಗೂ ಅಷ್ಟು ಶಿಸ್ತು ಕಂಡಿರಲಾರದು. ಖಾಲಿ ಡಬ್ಬಿ ಅದೇ ಬಸ್ಸಿಗೆ ವಾಪಸು. ಡ್ರೈವರ್-ಕಂಡಕ್ಟರುಗಳು ಇದನ್ನು ಸಾಗಿಸಿದ್ದು ಯಾವ ಸುತ್ತೋಲೆಯ ಬಲದಿಂದಲೂ ಅಲ್ಲ. ಡಾಕ್ಟರು, ಎಂಜಿನಿಯರು, ತಹಶೀಲ್ದಾರರೆಷ್ಟೋ ಮಂದಿ ಆ ಗಂಟಿನ ರೊಟ್ಟಿಯಲ್ಲಿ ತಯಾರಾದವರು.

ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ ಎಂಬುದು ಬಡ ವಿದ್ಯಾರ್ಥಿಗೆ ಜೋಳ ಮಾಡಿದ ದೊಡ್ಡ ಉಪಕಾರ. ಅಕ್ಕಿಗೆ ಆ ಗುಣವಿಲ್ಲ. ಅನ್ನದ ನಾಡಾದ ಮೇಲೆ ಗಂಗಾವತಿ ಸೀಮೆಯಲ್ಲಿ ಬುತ್ತಿ ಕಟ್ಟುವುದು ಕಡಿಮೆಯಾಯಿತೇ ಎಂದು ನನಗೆ ಆಗಾಗ ಅನಿಸುತ್ತದೆ. ಆದರೂ ಬುತ್ತಿಯನ್ನು ಹೊಗಳುವಾಗ ಅದರ ಹಿಂದಿನ ಕೈಯನ್ನು ನೆನೆಯಬೇಕು. ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುವ ಅವ್ವ ಮನೆಯಲ್ಲಿದ್ದರೆ ಮಾತ್ರ ಆ ಇಲಾಖೆ ನಡೆಯುತ್ತದೆ. ಅವ್ವ ಗುಳೆ ಹೋದಲ್ಲಿ ಬುತ್ತಿಯಿಲ್ಲ.

[ವಾರಾನ್ನದಿಂದ ಹಾಸ್ಟೆಲಿಗೆ]

• ಹಳೆಯ ಮೈಸೂರು ಸೀಮೆಯಲ್ಲಿ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ‘ವಾರಾನ್ನ’ ಪದ್ಧತಿ ಇತ್ತು. ಎಸ್.ಎಲ್. ಭೈರಪ್ಪನವರ ಆತ್ಮಕತೆ ‘ಭಿತ್ತಿ’ ಓದಿದವರಿಗೆ ಆ ಹಸಿವಿನ ಪರಿಚಯವುಂಟು. ಜಾತಿಯ ಹೊಸ್ತಿಲು ದಾಟಲಾಗದವರಿಗೆ ಆ ಬಾಗಿಲೂ ಮುಚ್ಚಿತ್ತು.

• ಡಾ. ಎಚ್. ನರಸಿಂಹಯ್ಯ 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ನಡೆದು ಬಂದು ಓದಿದರು. ಅವರಿಗೆ ಅನ್ನ, ನೆರಳು ಕೊಟ್ಟದ್ದು ಬಡ ವಿದ್ಯಾರ್ಥಿಗಳ ಉಚಿತ ನಿಲಯ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು.

• ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ಬರುವ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ಒಂದು ತಲೆಮಾರಿನ ದಲಿತ ವಿದ್ಯಾರ್ಥಿಗಳ ಮನೆ. ಕವಿತೆ, ಚಳವಳಿ ಎರಡಕ್ಕೂ ಅಲ್ಲಿನ ಊಟದ ಹಾಲ್ ಸಾಕ್ಷಿ.

• ತಾಲ್ಲೂಕು ಕೇಂದ್ರಗಳಿಗೆ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಹಬ್ಬಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಅವರ ಕಾಲದಲ್ಲಿ. ‘ಬಿಸಿಎಂ ಹಾಸ್ಟೆಲು’ ಎಂಬ ಮಾತು ಹಳ್ಳಿಗರ ಬಾಯಲ್ಲಿ ನೆಲೆಸಿದ್ದು ಹೀಗೆ.

ಅಡುಗೆಮನೆ ಕಟ್ಟಿದ ನಾಡು

ಕರ್ನಾಟಕದಲ್ಲಿ ಉನ್ನತ ಶಿಕ್ಷಣವನ್ನು ಹಳ್ಳಿಗೆ ಮುಟ್ಟಿಸಿದ್ದು ಕಾಲೇಜು ಕಟ್ಟಡಗಳಿಗಿಂತ ಹೆಚ್ಚಾಗಿ ಪಕ್ಕದ ಅಡುಗೆಮನೆಗಳು. ಇದು ನನ್ನ ಅತಿಶಯೋಕ್ತಿ ಎನಿಸಿದರೆ ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರ ಹೆಸರುಗಳನ್ನು ನೋಡಿ. ಉಜಿರೆಯ ಸಿದ್ಧವನ ಗುರುಕುಲ ನೋಡಿ. ತುಮಕೂರಿನ ಸಿದ್ಧಗಂಗೆಯನ್ನಂತೂ ಹೇಳಬೇಕಿಲ್ಲ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗಲೂ ಮಠದ ಮಕ್ಕಳ ಊಟ ಆಗಿದೆಯೇ ಎಂಬುದೇ ಜನರ ಮಾತಾಗಿತ್ತು. ರಾಜ್ಯ ಸರ್ಕಾರ ಆ ದಿನಕ್ಕೆ ಮುಂದೆ ‘ದಾಸೋಹ ದಿನ’ ಎಂದೇ ಹೆಸರಿಟ್ಟಿತು.

ಕೊಪ್ಪಳದವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಅವರಿಗೆ ಗವಿಮಠವಿದೆ.

ಜನವರಿಯ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ಬರುತ್ತದೆ. ಹೆಣ್ಣುಮಕ್ಕಳು ವಾರಗಟ್ಟಲೆ ಮೊದಲೇ ಬಡಿದು ಒಣಗಿಸಿಟ್ಟ ಲಕ್ಷಾಂತರ ಜೋಳದ ರೊಟ್ಟಿ, ಜೊತೆಗೆ ಮಾದಲಿ, ಕಾಳು, ತರಕಾರಿ. ಬಾಣಸಿಗರು ಸಾಲಾಗಿ ಕೂತು ಮಿರ್ಚಿ ಕರಿಯುವ ದೃಶ್ಯ ಪ್ರತಿ ವರ್ಷ ಪತ್ರಿಕೆಗಳ ಮುಖಪುಟದ ಚಿತ್ರ. ಜಾತ್ರೆ ಮುಗಿದ ಮೇಲೆ ಚಿತ್ರ ತೆಗೆಯುವವರು ಹೋಗುತ್ತಾರೆ, ಮಠದ ಒಲೆ ಮಾತ್ರ ಆರುವುದಿಲ್ಲ. ಸಾವಿರಾರು ಬಡ ವಿದ್ಯಾರ್ಥಿಗಳಿಗೆ ಅಲ್ಲಿ ವರ್ಷವಿಡೀ ಉಚಿತ ಊಟ, ವಸತಿ. ಬೆಳಿಗ್ಗೆ ತಾಟು ಹಿಡಿದು ಸಾಲು ನಿಂತ ಹುಡುಗರೇ ಸಂಜೆ ಗುಡ್ಡದ ಬಂಡೆಗಳ ಮೇಲೆ ಪುಸ್ತಕ ಹಿಡಿದು ಕೂತಿರುತ್ತಾರೆ.

ಪೀಠದ ಹದಿನೆಂಟನೆಯವರಾದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ 2022ರಲ್ಲಿ ಐದು ಸಾವಿರ ವಿದ್ಯಾರ್ಥಿಗಳ ಹೊಸ ಪ್ರಸಾದ ನಿಲಯಕ್ಕೆ ಅಡಿಗಲ್ಲು ಹಾಕಿಸಿದ ದಿನ ವೇದಿಕೆಯ ಮೇಲೆ ಮಾತಾಡುತ್ತ ಗದ್ಗದಿತರಾದರು. ಕೊರೊನಾ ಕಾಲದಲ್ಲಿ ಮನೆಗಳ ದುಡಿಮೆ ಮುರಿದಿತ್ತು. ಜಾಗ ಕೇಳಿ ಬರುವ ಮಕ್ಕಳು ಹೆಚ್ಚಿದ್ದರು, ಇರುವ ಕೋಣೆಗಳು ಸಾಲುತ್ತಿರಲಿಲ್ಲ. ಅವರು ಕಣ್ಣೊರೆಸಿಕೊಂಡ ಆ ವಿಡಿಯೊ ಮನೆಮನೆ ಮುಟ್ಟಿತು. ಆಮೇಲೆ ನಡೆದದ್ದು ಕೊಪ್ಪಳ ನೆನಪಿಟ್ಟುಕೊಂಡ ಸಂಗತಿ: ಕೂಲಿಯವರು ಒಂದು ದಿನದ ಕೂಲಿ ತಂದುಕೊಟ್ಟರು, ರೈತರು ಚೀಲ ಹೊತ್ತು ತಂದರು, ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 10 ಕೋಟಿ ರೂಪಾಯಿ ಪ್ರಕಟಿಸಿದರು.

ಈ ಕಥೆಯನ್ನು ಕೇಳಿದಾಗ ಕಣ್ಣು ತುಂಬುವುದು ಸಹಜ. ಆದರೆ ನನಗೆ ಅದರೊಳಗೆ ಒಂದು ಮುಜುಗರವೂ ಕಾಣುತ್ತದೆ. ಒಂದು ಜಿಲ್ಲೆಯ ಕಾಲೇಜು ಮಕ್ಕಳ ಅನ್ನದ ವ್ಯವಸ್ಥೆ ಒಬ್ಬ ಸ್ವಾಮೀಜಿಯ ಕಣ್ಣೀರಿಗಾಗಿ ಕಾಯಬೇಕಾಯಿತೇ? ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು ಹತ್ತು ವರ್ಷ ದಾಟಿದೆ. ಮಠ ಮಾಡಿದ್ದನ್ನು ಹೊಗಳುತ್ತ ಹೊಗಳುತ್ತ ಸರ್ಕಾರ ತನ್ನ ಪಾಲನ್ನು ಮರೆಯಲು ನಾವೇ ದಾರಿ ಮಾಡಿಕೊಟ್ಟೆವೇನೋ.

[ಐವತ್ತು ರೂಪಾಯಿಯ ದಿನ]

ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ 2013–14ರಲ್ಲಿ ‘ವಿದ್ಯಾಸಿರಿ’ ಬಂತು. ಆಗ ಊಟ ಮತ್ತು ವಸತಿ ಎರಡಕ್ಕೂ ಸೇರಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು, ಅಂದರೆ ವರ್ಷಕ್ಕೆ 15,000. ದಿನಕ್ಕೆ ಭಾಗಿಸಿದರೆ 50 ರೂಪಾಯಿ. ಅದರಲ್ಲಿ ರೂಮಿನ ಬಾಡಿಗೆ ಕಳೆದು ಉಳಿದದ್ದರಲ್ಲಿ ಮೂರು ಹೊತ್ತು ಉಣ್ಣಬೇಕಿತ್ತು. ಅಜೀಂ ಪ್ರೇಮ್‌ಜಿ ಫೌಂಡೇಷನ್ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹುಡುಗಿಯರಿಗೆ ಕೊಡುವ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ. ಅರ್ಜಿ ಹಾಕುವವರು ಆಧಾರ್, ಬ್ಯಾಂಕ್ ಖಾತೆ, ಅಂಕಪಟ್ಟಿಯ ಹೆಸರು ಮೂರೂ ಒಂದೇ ಆಗಿವೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಒಂದು ಇನಿಶಿಯಲ್ ತಪ್ಪಿದರೂ ಹಣ ನಿಲ್ಲುತ್ತದೆ.

ನಡುವೆ ಬಿದ್ದವರು

ಹಾಸ್ಟೆಲು ಸಿಕ್ಕವರು ಹೇಗೋ ಬಚಾವು. ಅಲ್ಲಿನ ಸಾಂಬಾರಿನ ಬಗ್ಗೆ ದೂರುಗಳಿವೆ, ವಾರ್ಡನ್ನುಗಳ ಬಗ್ಗೆ ಕಥೆಗಳಿವೆ, ಆದರೂ ಗಂಟೆ ಹೊಡೆದರೆ ತಾಟಿಗೆ ಏನಾದರೂ ಬೀಳುತ್ತದೆ. ನನ್ನ ಚಿಂತೆ ಶ್ರೀರಾಮನಗರದಂಥ ಊರುಗಳಿಂದ ದಿನಾ ಬಂದು ಹೋಗುವವರದು. ಊರು ಹತ್ತಿರ ಎಂಬ ಕಾರಣಕ್ಕೆ ಅವರಿಗೆ ಹಾಸ್ಟೆಲಿನ ಅಗತ್ಯವಿಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ನಿಜ, ಮಲಗಲು ಮನೆಯಿದೆ. ಆದರೆ ಬೆಳಗಿನ ಏಳರಿಂದ ಮಧ್ಯಾಹ್ನದ ಮೂರರವರೆಗಿನ ಎಂಟು ಗಂಟೆ ಯಾವ ಯೋಜನೆಯ ಲೆಕ್ಕಕ್ಕೂ ಬರುವುದಿಲ್ಲ.

2023ರ ಜೂನ್ 11ರಂದು ಶುರುವಾದ ‘ಶಕ್ತಿ’ ಯೋಜನೆ ಈ ಹುಡುಗಿಯರ ಬದುಕಿನಲ್ಲಿ ಮಾಡಿದ ಬದಲಾವಣೆ ದೊಡ್ಡದು. ಪಾಸಿನ ದುಡ್ಡಿಗೆ ಅಪ್ಪನ ಮುಖ ನೋಡುವುದು ತಪ್ಪಿತು. ‘ದೂರ ಆಯ್ತು, ಬ್ಯಾಡ ಬಿಡವಾ’ ಎಂಬ ಮಾತಿಗೆ ಒಂದು ನೆಪ ಕಡಿಮೆಯಾಯಿತು. ಬಸ್ಸನ್ನು ಉಚಿತ ಮಾಡಿದ್ದಕ್ಕೆ ಮೂಗು ಮುರಿಯುವವರು ಬೆಳಗಿನ ಗಂಗಾವತಿ ಬಸ್ಸಿನಲ್ಲಿ ಒಮ್ಮೆ ನಿಂತು ಹೋಗಿ ನೋಡಲಿ.

ಆದರೆ ಕಾಲೇಜಿಗೆ ಮುಟ್ಟಿಸುವುದು ಒಂದು, ಅಲ್ಲಿ ಕೂರಿಸುವುದು ಇನ್ನೊಂದು. ಶೌಚಾಲಯಕ್ಕೆ ಹೋಗಲಾಗದೆಂದು ಬೆಳಗಿನಿಂದ ನೀರೇ ಕುಡಿಯದ ಹುಡುಗಿಯರು ನಮ್ಮ ಎಷ್ಟೋ ಕಾಲೇಜುಗಳಲ್ಲಿದ್ದಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ನಾಲ್ಕನೆಯದರಲ್ಲಿ ಶೇ 44.8 ಇತ್ತು, ಇಳಿಯಬೇಕಾದದ್ದು ಏರಿದೆ. ಮೂರನೇ ಪಿರಿಯಡ್ಡಿಗೆ ಬೆಂಚಿನ ಮೇಲೆ ತಲೆಯಿಟ್ಟು ಮಲಗಿದವಳನ್ನು ಎಬ್ಬಿಸಿ ಬೈಯುವ ಮುನ್ನ ಈ ಅಂಕಿ ನೆನಪಾದರೆ ಒಳ್ಳೆಯದು.

ಹೊಟ್ಟೆಯ ಚಿಂತೆ ತಲೆಗೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ಅಧ್ಯಯನ ನಡೆದಿದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಕೈಗೆ ದುಡ್ಡು ಬಂದ ಮೇಲೆ ಒಮ್ಮೆ ಸಂಶೋಧಕರು ಒಂದೇ ಬಗೆಯ ಬುದ್ಧಿ ಪರೀಕ್ಷೆಗೆ ಕೂರಿಸಿದರು. ಅದೇ ಮನುಷ್ಯರು ಕೈ ಬರಿದಾಗಿದ್ದಾಗ ಕಡಿಮೆ ಅಂಕ ಪಡೆದರು, ಕೈ ತುಂಬಿದಾಗ ಹೆಚ್ಚು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಫಲಿತಾಂಶದ ಬಗ್ಗೆ ವಿದ್ವಾಂಸರ ಜಗಳ ಇನ್ನೂ ನಡೆದಿದೆ. ಪರೀಕ್ಷೆಯ ದಿನ ಬೆಳಿಗ್ಗೆ ಮಕ್ಕಳಿಗೆ ಹೊಟ್ಟೆ ತುಂಬ ಉಣಿಸಿ ಕಳಿಸುವ ನಮ್ಮ ಅವ್ವಂದಿರು ಆ ಜಗಳಕ್ಕೆ ಕಾದು ಕೂತವರಲ್ಲ.

ಸಿರಿವಂತ ನಾಡಿನಲ್ಲೂ

ಇದು ಬಡ ಜಿಲ್ಲೆಯ ಗೋಳು ಮಾತ್ರ ಎಂದುಕೊಂಡರೆ ತಪ್ಪು. ಅಮೆರಿಕದಲ್ಲಿ 2020ರಲ್ಲಿ ಪದವಿ ವಿದ್ಯಾರ್ಥಿಗಳಲ್ಲಿ ಶೇ 23ರಷ್ಟು, ಅಂದರೆ ಸುಮಾರು 38 ಲಕ್ಷ ಮಂದಿ, ಸರಿಯಾದ ಆಹಾರದ ಖಾತ್ರಿಯಿಲ್ಲದೆ ಓದುತ್ತಿದ್ದರು ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯೇ ಅಂದಾಜು ಮಾಡಿದೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1993ರಲ್ಲೇ ತಮ್ಮವರಿಗಾಗಿ ಕ್ಯಾಂಪಸ್ಸಿನಲ್ಲಿ ದಿನಸಿ ಭಂಡಾರ ತೆರೆದರು. ಈಗ ಅಂಥವು ನೂರಾರಿವೆ. ದಕ್ಷಿಣ ಕೊರಿಯಾದಲ್ಲಿ ಸರ್ಕಾರವೂ ವಿಶ್ವವಿದ್ಯಾಲಯವೂ ಪಾಲು ಹಾಕಿ ಸಾವಿರ ವಾನ್‌ಗೆ, ನಮ್ಮ ಅರವತ್ತು-ಎಪ್ಪತ್ತು ರೂಪಾಯಿಗೆ, ಬೆಳಗಿನ ತಿಂಡಿ ಕೊಡುತ್ತವೆ. ಅಲ್ಲಿನ ಬೆಲೆಗಳಲ್ಲಿ ಅದು ಚಹಾದ ದುಡ್ಡಿಗೂ ಕಡಿಮೆ.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಸಾರಾ ಗೋಲ್ಡ್‌ರಿಕ್-ರಾಬ್ ಎಂಬ ಸಮಾಜಶಾಸ್ತ್ರ ಪ್ರಾಧ್ಯಾಪಕಿ ಮಾಡಿದ ಚಿಕ್ಕ ಕೆಲಸ. ಸೆಮಿಸ್ಟರಿನ ಮೊದಲ ದಿನ ಕೊಡುವ ಪಠ್ಯವಿವರದ ಹಾಳೆಯಲ್ಲೇ ಅವರು ನಾಲ್ಕು ಸಾಲು ಸೇರಿಸಿದರು. ಊಟಕ್ಕೋ ಇರುವ ಜಾಗಕ್ಕೋ ತೊಂದರೆಯಿದ್ದರೆ ಇಂಥವರನ್ನು ಕಾಣಿ, ನನಗೆ ಹೇಳಬಹುದೆನಿಸಿದರೆ ನನಗೂ ಹೇಳಿ ಎಂದು. ಇದಕ್ಕೆ ಬಜೆಟ್ ಬೇಡ, ಸಮಿತಿ ಬೇಡ. ನಮ್ಮ ಕಾಲೇಜುಗಳ ಪ್ರಾಸ್ಪೆಕ್ಟಸ್ಸಿನಲ್ಲಿ ಸಮವಸ್ತ್ರದ ಬಣ್ಣ, ಮೊಬೈಲ್ ನಿಷೇಧ, ದಂಡದ ಮೊತ್ತ ಎಲ್ಲ ಇರುತ್ತವೆ. ಊಟ ಎಂಬ ಪದ ಎಲ್ಲೂ ಇರುವುದಿಲ್ಲ.

ಯಾರ ಖಾತೆಯಿಂದ?

ದುಡ್ಡಿನ ಪ್ರಶ್ನೆ ಬಂದೇ ಬರುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್ಟುಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಪ್ರಕಟವಾಗುತ್ತಿದೆ. ಕುಕನೂರು ತಾಲ್ಲೂಕಿನ ತಳಕಲ್ಲಿನಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಶುರುವಾಗಿ ಕಣ್ಣು ಬಿಡುವಷ್ಟರಲ್ಲಿ, ಅದನ್ನೂ ಸೇರಿಸಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರ ಆರಂಭದಲ್ಲಿ ಸಂಪುಟ ಉಪಸಮಿತಿಯಿಂದ ಬಂತು. ಕಟ್ಟಡವಿಲ್ಲ, ಹುದ್ದೆಗಳಿಲ್ಲ, ಅನುದಾನವಿಲ್ಲ ಎಂದು ಪರವೂ ವಿರೋಧವೂ ವಾದ ನಡೆಯಿತು. ಅಲ್ಲಿ ಓದಲು ಬರುವವರು ಮಧ್ಯಾಹ್ನ ಏನು ಉಣ್ಣುತ್ತಾರೆ ಎಂಬುದು ಆ ಇಡೀ ವಾಗ್ವಾದದಲ್ಲಿ ಎಲ್ಲೂ ಸುಳಿಯಲಿಲ್ಲ.

ಅಡುಗೆಯನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬಿಸಿಯೂಟ ಮಾಡಿದ ಅನುಭವವಿರುವ ಹೆಣ್ಣುಮಕ್ಕಳು ಪ್ರತಿ ಊರಿನಲ್ಲಿದ್ದಾರೆ. ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಎಂದು 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನ ನಮೂನೆ ಕಣ್ಣೆದುರಿಗಿದೆ. ಅದನ್ನು ಆಸ್ಪತ್ರೆ, ಬಸ್ ನಿಲ್ದಾಣಗಳ ಬಳಿ ಕಟ್ಟಿದಂತೆ ಸರ್ಕಾರಿ ಪದವಿ ಕಾಲೇಜಿನ ಕಾಂಪೌಂಡಿನೊಳಗೂ ಕಟ್ಟಬಹುದು. ಪುಕ್ಕಟೆ ಕೊಡಬೇಕೆಂದೂ ಇಲ್ಲ. ಹದಿನೆಂಟರ ಹುಡುಗರಿಗೆ ಮಾನ ದೊಡ್ಡದು. ‘ಬಡವರ ಸಾಲು’ ಎಂದು ಬೇರೆ ನಿಲ್ಲಿಸಿದರೆ ಹಸಿದಿದ್ದರೂ ಬರುವುದಿಲ್ಲ. ಐದೋ ಹತ್ತೋ ಕೊಟ್ಟು ಎಲ್ಲರೂ ಒಟ್ಟಿಗೆ ಉಣ್ಣುವ ವ್ಯವಸ್ಥೆಯಾದರೆ ಯಾರು ಯಾಕೆ ಬಂದರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. 2025ರ ಮೇ ತಿಂಗಳಿಂದ ಹಿರಿಯ ಪ್ರಾಥಮಿಕ ಶಾಲೆಯ ಒಂದು ಮಗುವಿನ ಬಿಸಿಯೂಟಕ್ಕೆ ಬೇಳೆ, ತರಕಾರಿ, ಎಣ್ಣೆ, ಉರುವಲು ಸೇರಿ ನಿಗದಿಯಾದ ವೆಚ್ಚ 10 ರೂಪಾಯಿ 17 ಪೈಸೆ. ಧಾನ್ಯ ಬೇರೆ, ದಿನಕ್ಕೆ 150 ಗ್ರಾಂ. ಕಾಲೇಜು ವಯಸ್ಸಿನವರಿಗೆ ಅದನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿ: 20 ರೂಪಾಯಿ, 250 ಗ್ರಾಂ ಅಕ್ಕಿ. ಕಾಲೇಜು ನಡೆಯುವ ದಿನಗಳು 200 ಎಂದಿಟ್ಟುಕೊಳ್ಳಿ. ಸಾವಿರ ವಿದ್ಯಾರ್ಥಿಗಳಿರುವ ಒಂದು ಕಾಲೇಜಿಗೆ ಅಡುಗೆಯವರ ಸಂಬಳ ಬಿಟ್ಟು ವರ್ಷಕ್ಕೆ 40 ಲಕ್ಷ ರೂಪಾಯಿ. ಒಂದು ಊರಿನ ಒಳರಸ್ತೆಗೆ ಡಾಂಬರು ಹಾಕಿಸುವಾಗ ಯಾರೂ ಎರಡನೇ ಸಲ ಯೋಚಿಸದ ಮೊತ್ತ.

ಅಕ್ಕಿ 500 ಕ್ವಿಂಟಲ್ ಬೇಕು. ಶ್ರೀರಾಮನಗರದ ಗಿರಣಿಯ ಹಮಾಲರನ್ನು ಕೇಳಿದರೆ ಇದನ್ನು ಕ್ವಿಂಟಲ್‌ನಲ್ಲಿ ಹೇಳುವುದಿಲ್ಲ, ಲೋಡಿನಲ್ಲಿ ಹೇಳುತ್ತಾರೆ. ಇಪ್ಪತ್ತೈದು ಟನ್ನಿನ ಲಾರಿಯಾದರೆ ಎರಡು ಲೋಡು.